ಬೆಲೆ ಸೂಚ್ಯಂಕ: ಯಾರ ಮನೆಯ ಬುಟ್ಟಿ?

ಪ್ರತಿ ತಿಂಗಳು 12ನೇ ತಾರೀಖಿನ ಆಸುಪಾಸಿನಲ್ಲಿ ಕೇಂದ್ರ ಸರ್ಕಾರದ ಸಾಂಖ್ಯಿಕ ಇಲಾಖೆ ಒಂದು ಅಂಕಿಯನ್ನು ಪ್ರಕಟಿಸುತ್ತದೆ. ಮರುದಿನ ಪತ್ರಿಕೆಗಳಲ್ಲಿ ‘ಚಿಲ್ಲರೆ ಹಣದುಬ್ಬರ ಇಳಿಕೆ’ ಎಂದೋ ‘ಏರಿಕೆ’ ಎಂದೋ ಸುದ್ದಿ ಬರುತ್ತದೆ. 2025ರ ಅಕ್ಟೋಬರ್ ತಿಂಗಳ ಅಂಕಿ ಕೇವಲ ಶೇ 0.25 ಆಗಿತ್ತು. 2012ನ್ನು ಮೂಲವರ್ಷವಾಗಿ ಇಟ್ಟುಕೊಂಡ ಸರಣಿಯಲ್ಲಿ ಅಷ್ಟು ಕಡಿಮೆ ಅಂಕಿ ಹಿಂದೆಂದೂ ಬಂದಿರಲಿಲ್ಲ. ಆದರೆ ಆ ಸುದ್ದಿ ಓದಿ, ಕಿರಾಣಿ ಅಂಗಡಿಯ ಚೀಟಿ, ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಬ್ಯಾಂಕಿನ ಸಾಲದ ಕಂತು ಎಲ್ಲವನ್ನೂ ಕೂಡಿಸಿ ನೋಡಿದ ಗೃಹಸ್ಥನಿಗೆ ಆ ಇಳಿಕೆ ಎಲ್ಲಿ ಆಯಿತೆಂಬುದೇ ತಿಳಿಯುವುದಿಲ್ಲ. ಸರ್ಕಾರ ಸುಳ್ಳು ಲೆಕ್ಕ ಕೊಡುತ್ತಿದೆಯೆಂದು ಅವನು ಭಾವಿಸಿದರೆ ಆಶ್ಚರ್ಯವಿಲ್ಲ.

ಲೆಕ್ಕ ಸುಳ್ಳಲ್ಲ. ಆದರೆ ಅದು ಅವನ ಮನೆಯ ಲೆಕ್ಕವೂ ಅಲ್ಲ. ಹಾಗಾದರೆ ಅದು ಯಾರ ಮನೆಯದು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಬೆಲೆ ಸೂಚ್ಯಂಕವೆಂಬ ಈ ಅಳತೆಗೋಲು ನಮ್ಮ ದೇಶದಲ್ಲಿ ಹೇಗೆ ಹುಟ್ಟಿತು, ಯಾರಿಗಾಗಿ ಹುಟ್ಟಿತು ಎಂಬುದನ್ನು ನೋಡಬೇಕು. ಅರ್ಥಶಾಸ್ತ್ರಜ್ಞರ ಕುತೂಹಲದಿಂದ ಹುಟ್ಟಿದ ವಸ್ತು ಅದಲ್ಲ. ಹೊಟ್ಟೆಯ ಪ್ರಶ್ನೆಯಿಂದ, ಕೂಲಿಯ ಜಗಳದಿಂದ ಹುಟ್ಟಿದ್ದು.

ಸೆರೆಮನೆಯ ಅಳತೆ

ಭಾರತೀಯನೊಬ್ಬನ ಸರಾಸರಿ ವರಮಾನ ಎಷ್ಟೆಂದು ಮೊದಲಿಗೆ ಲೆಕ್ಕ ಹಾಕಿದವರು ದಾದಾಭಾಯಿ ನವರೋಜಿ. 1876ರಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ನಿನ ಮುಂಬಯಿ ಶಾಖೆಯಲ್ಲಿ ಅವರು ಭಾರತದ ಬಡತನವನ್ನು ಕುರಿತ ಪ್ರಬಂಧ ಓದಿದರು. 1867-68ರ ಕೃಷಿ ಮತ್ತು ಇತರ ಉತ್ಪನ್ನಗಳ ಅಂಕಿಗಳನ್ನು ಕೂಡಿಸಿ, ಬ್ರಿಟಿಷ್ ಭಾರತದ ಪ್ರಜೆಯೊಬ್ಬನ ವಾರ್ಷಿಕ ವರಮಾನ ಸುಮಾರು 20 ರೂಪಾಯಿ ಎಂದು ಅವರು ತೋರಿಸಿದರು.

ಆದರೆ 20 ರೂಪಾಯಿ ಸಾಕೋ ಸಾಲದೋ ಎಂದು ಹೇಳುವುದು ಹೇಗೆ? ಅದಕ್ಕೆ ಅವರು ಹುಡುಕಿದ ಸಾಕ್ಷ್ಯ ಸರ್ಕಾರದ ಕಡತಗಳಲ್ಲಿಯೇ ಇತ್ತು. ಸೆರೆಮನೆಯ ಕೈದಿಯ ಊಟ ಬಟ್ಟೆಗೆ ಸರ್ಕಾರ ಎಷ್ಟು ಖರ್ಚು ಮಾಡುತ್ತದೆ, ಹಡಗಿನಲ್ಲಿ ಹೊರದೇಶಕ್ಕೆ ಸಾಗಿಸುವ ಕೂಲಿಯಾಳಿಗೆ ಯಾವ ಪಡಿ ನಿಗದಿಯಾಗಿದೆ ಎಂಬುದನ್ನು ಅವರು ತೆಗೆದು ನೋಡಿದರು. ಬರೀ ಜೀವ ಹಿಡಿದುಕೊಂಡಿರಲು ಬೇಕಾದ ವಸ್ತುಗಳಿಗೇ ತಲೆಗೆ 34 ರೂಪಾಯಿಯಷ್ಟು ಬೇಕೆಂದು ಲೆಕ್ಕ ಬಂತು. ಅಪರಾಧ ಮಾಡಿ ಜೈಲಿಗೆ ಹೋದವನಿಗೆ ಸಿಗುವಷ್ಟು ಅನ್ನ ಬಟ್ಟೆ, ಹೊರಗೆ ದುಡಿಯುವ ಪ್ರಜೆಗೆ ಸಿಗುತ್ತಿಲ್ಲ ಎಂಬುದು ಅವರ ವಾದವಾಗಿತ್ತು.

ನವರೋಜಿಯವರ ಅಂಕಿಗಳ ಬಗ್ಗೆ ಆಗಲೂ ಆಮೇಲೂ ಚರ್ಚೆ ನಡೆದಿದೆ. ಆದರೆ ಅವರ ಕ್ರಮವನ್ನು ಗಮನಿಸಬೇಕು. ಬರುವುದು ಎಷ್ಟು, ಬೇಕಾದುದು ಎಷ್ಟು ಎಂದು ಅವರು ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಮುಂದೆ ಬಂದ ಸೂಚ್ಯಂಕಗಳಲ್ಲಿ ಈ ಎರಡನೆಯ ಪ್ರಶ್ನೆ ಮೆಲ್ಲಗೆ ಮರೆಯಾಯಿತು.

ಗಿರಣಿ ಕಾರ್ಮಿಕರ ಮನೆಯೊಳಗೆ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯ, ಬಟ್ಟೆ, ಸೀಮೆಎಣ್ಣೆ ಎಲ್ಲದರ ಬೆಲೆಯೂ ಏರಿತು. ಯುದ್ಧ ಮುಗಿಯುವ ಹೊತ್ತಿಗೆ ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಮುಷ್ಕರದ ಮೇಲೆ ಮುಷ್ಕರ ನಡೆಯತೊಡಗಿತು. ಬೆಲೆ ಎಷ್ಟು ಏರಿದೆ ಎಂಬುದರಲ್ಲಿ ಮಾಲೀಕರದು ಒಂದು ಮಾತು, ಕಾರ್ಮಿಕರದು ಇನ್ನೊಂದು ಮಾತು. ನಡುವೆ ನಿಂತು ತೀರ್ಮಾನ ಹೇಳಲು ಇಬ್ಬರೂ ಒಪ್ಪುವಂಥ ಅಳತೆ ಇರಲಿಲ್ಲ.

1921ರಲ್ಲಿ ಮುಂಬಯಿ ಸರ್ಕಾರ ಕಾರ್ಮಿಕ ಕಚೇರಿಯನ್ನು ಸ್ಥಾಪಿಸಿತು. 1914ರ ಜುಲೈ ತಿಂಗಳನ್ನು 100 ಎಂದು ಇಟ್ಟುಕೊಂಡು ಕಾರ್ಮಿಕರ ಜೀವನ ವೆಚ್ಚದ ಸೂಚ್ಯಂಕವನ್ನು ಅದು ಪ್ರಕಟಿಸತೊಡಗಿತು. ಫಿಂಡ್ಲೇ ಶಿರಾಸ್ ಎಂಬ ಅಧಿಕಾರಿಯ ನೇತೃತ್ವದಲ್ಲಿ 1921-22ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಾರ್ಮಿಕ ಕುಟುಂಬಗಳ ಖರ್ಚುವೆಚ್ಚಗಳನ್ನು ಮನೆಮನೆಗೆ ಹೋಗಿ ಬರೆದುಕೊಳ್ಳಲಾಯಿತು. ಅಕ್ಕಿ ಎಷ್ಟು, ಬೇಳೆ ಎಷ್ಟು, ಚಾಳಿನ ಖೋಲಿಗೆ ಬಾಡಿಗೆ ಎಷ್ಟು, ಊರಿಗೆ ಕಳಿಸುವ ಹಣ ಎಷ್ಟು, ಸಾಲದ ಬಡ್ಡಿ ಎಷ್ಟು ಎಂದು ವಿಚಾರಿಸಲಾಯಿತು.

1923ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಕುಟುಂಬಗಳಲ್ಲಿ ಶೇ 47ರಷ್ಟು ಸಾಲದಲ್ಲಿದ್ದವು. ಊಟದ ವಿಷಯದಲ್ಲಂತೂ ವರದಿ ಹೇಳಿದ್ದು ಇನ್ನೂ ಕಟುವಾದ ಸತ್ಯ. ಬರಗಾಲದ ಪರಿಹಾರ ಕೆಲಸಗಳಲ್ಲಿ ಕೊಡಬಹುದಾದ ಗರಿಷ್ಠ ಪ್ರಮಾಣದಷ್ಟು ಧಾನ್ಯವನ್ನು ಕಾರ್ಮಿಕರು ತಿನ್ನುತ್ತಿದ್ದರು; ಆದರೆ ಮುಂಬಯಿಯ ಜೈಲು ನಿಯಮಾವಳಿ ಕೈದಿಗೆ ಗೊತ್ತುಮಾಡಿದ್ದಕ್ಕಿಂತ ಅದು ಕಡಿಮೆ. ನವರೋಜಿ ಪ್ರಬಂಧ ಓದಿ ಸುಮಾರು ಅರ್ಧ ಶತಮಾನ ಕಳೆದ ಮೇಲೆ, ಸರ್ಕಾರದ ಅಧಿಕಾರಿಯೇ ಅದೇ ಸೆರೆಮನೆಯ ಅಳತೆ ಹಿಡಿದು ಅದೇ ಉತ್ತರಕ್ಕೆ ಬಂದಿದ್ದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂಥ ಸಮೀಕ್ಷೆಗಳಲ್ಲಿ ಕಂಡ ಬುಟ್ಟಿಯೇ, ಅಂದರೆ ಕಾರ್ಮಿಕ ಆಗ ನಿಜವಾಗಿ ಕೊಳ್ಳುತ್ತಿದ್ದ ವಸ್ತುಗಳ ಪಟ್ಟಿಯೇ, ಸೂಚ್ಯಂಕಕ್ಕೆ ಆಧಾರವಾಗುತ್ತದೆ. ಅವನಿಗೆ ಬೇಕಾದುದರ ಪಟ್ಟಿ ಅದಲ್ಲ. ಅವನ ಕೈಗೆಟುಕಿದ್ದರ ಪಟ್ಟಿ. ಹೊಟ್ಟೆ ಅರ್ಧ ತುಂಬುತ್ತಿದ್ದರೆ ಆ ಅರ್ಧ ಹೊಟ್ಟೆಯೇ 100 ಎಂದು ದಾಖಲಾಗುತ್ತದೆ. ಆಮೇಲೆ ಕೂಲಿಯನ್ನು ಸೂಚ್ಯಂಕಕ್ಕೆ ಸರಿಯಾಗಿ ಏರಿಸುತ್ತ ಹೋದರೂ ಉಳಿಯುವುದು ಅದೇ ಅರ್ಧ ಹೊಟ್ಟೆ.

ತುಟ್ಟಿಭತ್ಯೆಯ ಜನನ

ಎರಡನೆಯ ಮಹಾಯುದ್ಧ ಬಂದಾಗ ಈ ಪ್ರಶ್ನೆ ಮುಂಬಯಿಯನ್ನು ದಾಟಿ ದೇಶದ ಪ್ರಶ್ನೆಯಾಯಿತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನೌಕರರು ಬೆಲೆ ಏರಿಕೆಗೆ ಪರಿಹಾರ ಕೇಳಿದರು. 1940ರಲ್ಲಿ ಇದರ ವಿಚಾರಣೆಗೆ ಸರ್ಕಾರ ನೇಮಿಸಿದ ನ್ಯಾಯಾಲಯದ ಅಧ್ಯಕ್ಷರಾದವರು ಬೆನಗಲ್ ನರಸಿಂಗ ರಾವ್. ಮುಂದೆ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ ಹೆಸರಾದ, ದಕ್ಷಿಣ ಕನ್ನಡ ಮೂಲದ ಬಿ.ಎನ್. ರಾವ್ ಇವರೇ. ಆಗ ಅವರು ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದರು.

ತುಟ್ಟಿಭತ್ಯೆಯನ್ನು ನ್ಯಾಯವಾಗಿ ಗೊತ್ತುಮಾಡಬೇಕಾದರೆ ಊರೂರಿನ ಜೀವನ ವೆಚ್ಚದ ಲೆಕ್ಕ ಬೇಕು, ಅದು ಸರ್ಕಾರದ ಬಳಿ ಇಲ್ಲ ಎಂಬುದು ವಿಚಾರಣೆಯಲ್ಲಿ ಸ್ಪಷ್ಟವಾಯಿತು. ಪ್ರಮುಖ ಕೇಂದ್ರಗಳಿಗೆ ಸೂಚ್ಯಂಕಗಳನ್ನು ಸಿದ್ಧಪಡಿಸಬೇಕೆಂದು ರಾವ್ ವರದಿ ಹೇಳಿತು. ಅದರ ಫಲವಾಗಿ 1941ರಲ್ಲಿ ಶಿಮ್ಲಾದಲ್ಲಿ ಜೀವನ ವೆಚ್ಚ ನಿರ್ದೇಶನಾಲಯ ಆರಂಭವಾಯಿತು. 1946ರ ಅಕ್ಟೋಬರ್ 1ರಂದು ಅದು ಕೇಂದ್ರ ಕಾರ್ಮಿಕ ಬ್ಯೂರೋದಲ್ಲಿ ಸೇರಿತು. ಸರ್ಕಾರಿ ನೌಕರರ ತುಟ್ಟಿಭತ್ಯೆಗೆ ಆಧಾರವಾಗಿರುವ ಕೈಗಾರಿಕಾ ಕಾರ್ಮಿಕರ ಸೂಚ್ಯಂಕವನ್ನು ಸಿದ್ಧಪಡಿಸುತ್ತಿರುವುದು ಈ ಬ್ಯೂರೋ. ನರಸಿಂಗ ರಾಯರ ತಮ್ಮ ಬೆನಗಲ್ ರಾಮರಾವ್ 1949ರಿಂದ 1957ರ ವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಬೆಲೆಯನ್ನು ಅಳೆಯುವ ವ್ಯವಸ್ಥೆಗೆ ಅಣ್ಣ ದಾರಿ ಮಾಡಿಕೊಟ್ಟರೆ, ಹಣದ ಮೌಲ್ಯ ಕಾಯುವ ಸಂಸ್ಥೆಯನ್ನು ತಮ್ಮ ನಡೆಸಿದರು.

ಸ್ವಾತಂತ್ರ್ಯ ಬಂದ ವರ್ಷ ಮೊದಲನೆಯ ವೇತನ ಆಯೋಗ ಕೇಂದ್ರ ಸರ್ಕಾರದ ಅತಿ ಕೆಳದರ್ಜೆಯ ನೌಕರನಿಗೆ ಗೊತ್ತುಮಾಡಿದ ಸಂಬಳ ತಿಂಗಳಿಗೆ 55 ರೂಪಾಯಿ. ಅದರಲ್ಲಿ ಮೂಲವೇತನ 30, ತುಟ್ಟಿಭತ್ಯೆ 25. ಯುದ್ಧಕಾಲದ ತಾತ್ಕಾಲಿಕ ಏರ್ಪಾಡು ಎಂದು ಬಂದದ್ದು ಸಂಬಳದ ಅರ್ಧಕ್ಕೆ ಹತ್ತಿರವಾಗಿ ಕುಳಿತಿತ್ತು.

ಬುಟ್ಟಿಯೊಳಗಿನ ಲೆಕ್ಕ

ಸೂಚ್ಯಂಕ ಹೇಗೆ ಸಿದ್ಧವಾಗುತ್ತದೆ ಎಂಬುದು ಹೊರಗೆ ಕಾಣುವಷ್ಟು ಕಠಿಣವಲ್ಲ. ಮೊದಲು ಸಮೀಕ್ಷೆ ಮಾಡಿ ಜನರು ನೂರು ರೂಪಾಯಿ ಖರ್ಚಿನಲ್ಲಿ ಯಾವ ಬಾಬತ್ತಿಗೆ ಎಷ್ಟು ಕೊಡುತ್ತಾರೆಂದು ತಿಳಿಯಬೇಕು. ಇದಕ್ಕೆ ತೂಕ ಎಂದು ಹೆಸರು. ಬಳಿಕ ಗೊತ್ತಾದ ಪೇಟೆಗಳಲ್ಲಿ, ಗೊತ್ತಾದ ಅಂಗಡಿಗಳಲ್ಲಿ ಅದೇ ವಸ್ತುಗಳ ಬೆಲೆಯನ್ನು ತಿಂಗಳು ತಿಂಗಳು ಸಂಗ್ರಹಿಸಬೇಕು. ಬೆಲೆಯ ಏರಿಕೆಯನ್ನು ತೂಕದಿಂದ ಗುಣಿಸಿ ಕೂಡಿಸಿದರೆ ಸೂಚ್ಯಂಕ ಬರುತ್ತದೆ.

ತೂಕದ ಮಹಿಮೆ ಎಷ್ಟೆಂದು ಒಂದು ಉದಾಹರಣೆಯಿಂದ ನೋಡೋಣ. ತಿಂಗಳಿಗೆ 10,000 ರೂಪಾಯಿ ಖರ್ಚು ಮಾಡುವ ಒಂದು ಮನೆ ಇದೆಯೆನ್ನಿ. ಅದರಲ್ಲಿ 6,000 ಊಟಕ್ಕೆ ಹೋಗುತ್ತದೆ. 50,000 ಖರ್ಚು ಮಾಡುವ ಇನ್ನೊಂದು ಮನೆಯಲ್ಲಿ ಊಟಕ್ಕೆ ಹೋಗುವುದು 15,000. ಆಹಾರದ ಬೆಲೆ ಶೇ 10ರಷ್ಟು, ಉಳಿದವುಗಳ ಬೆಲೆ ಶೇ 2ರಷ್ಟು ಏರಿತೆಂದು ಇಟ್ಟುಕೊಳ್ಳಿ. ಮೊದಲ ಮನೆಯ ಖರ್ಚು 680 ರೂಪಾಯಿ ಏರುತ್ತದೆ, ಅಂದರೆ ಶೇ 6.8. ಎರಡನೆಯ ಮನೆಯದು 2,200 ರೂಪಾಯಿ, ಅಂದರೆ ಶೇ 4.4. ಪೇಟೆ ಒಂದೇ, ಬೆಲೆ ಒಂದೇ. ಆದರೂ ಹಣದುಬ್ಬರ ಎರಡು.

ಈ ಎರಡಕ್ಕೂ ಸೇರಿಸಿ ಒಂದು ಅಂಕಿ ಹೇಳಬೇಕಾದರೆ? ಎರಡೂ ಮನೆಗಳನ್ನು ಸಮನಾಗಿ ಎಣಿಸಿದರೆ ಶೇ 5.6 ಬರುತ್ತದೆ. ಆದರೆ ಸೂಚ್ಯಂಕದ ರೂಢಿಯ ಕ್ರಮ ಬೇರೆ. ಅದು ಒಟ್ಟು ಖರ್ಚನ್ನು ಒಂದುಗೂಡಿಸಿ ತೂಕ ಹಾಕುತ್ತದೆ. 60,000 ರೂಪಾಯಿಗೆ 2,880 ರೂಪಾಯಿ ಏರಿತು, ಅಂದರೆ ಶೇ 4.8. ಹೆಚ್ಚು ಖರ್ಚು ಮಾಡುವ ಮನೆ ಲೆಕ್ಕದಲ್ಲಿಯೂ ಹೆಚ್ಚು ಜಾಗ ಪಡೆಯುತ್ತದೆ. ಹೀಗಾಗಿ ಸರಾಸರಿಯೆಂಬುದು ಬಡವನ ಮನೆಗಿಂತ ಉಳ್ಳವನ ಮನೆಗೆ ಹತ್ತಿರವಾಗಿರುತ್ತದೆ. ಇದರಲ್ಲಿ ಮೋಸವಿಲ್ಲ, ಕೂಡಿಸುವ ಕ್ರಮವೇ ಹಾಗಿದೆ.

ವರಮಾನ ಕಡಿಮೆಯಾದಷ್ಟೂ ಖರ್ಚಿನಲ್ಲಿ ಊಟದ ಪಾಲು ಹೆಚ್ಚು ಎಂಬ ನಿಯಮವನ್ನು ಜರ್ಮನಿಯ ಅರ್ನ್‌ಸ್ಟ್ ಎಂಗೆಲ್ ಎಂಬ ಅಂಕಿಅಂಶ ತಜ್ಞ 1857ರಲ್ಲಿಯೇ ಹೇಳಿದ್ದ. ನಮ್ಮ ದೇಶದ ಸಮೀಕ್ಷೆಗಳಲ್ಲಿಯೂ ಅದು ಸ್ಪಷ್ಟವಾಗಿ ಕಾಣುತ್ತದೆ. 1999-2000ದಲ್ಲಿ ಹಳ್ಳಿಯ ಮನೆಗಳ ಖರ್ಚಿನಲ್ಲಿ ಆಹಾರದ ಪಾಲು ಶೇ 59ರಷ್ಟಿತ್ತು. 2022-23ರಲ್ಲಿ ಅದು ಶೇ 46ಕ್ಕೆ ಇಳಿದಿತ್ತು. ಧಾನ್ಯದ ಪಾಲು ಶೇ 22ರಿಂದ ಸುಮಾರು ಶೇ 5ಕ್ಕೆ ಬಂದಿತ್ತು. ಜನ ಉಣ್ಣುವುದನ್ನು ಬಿಟ್ಟರೆಂದು ಇದರ ಅರ್ಥವಲ್ಲ. ಹಾಲು, ಹಣ್ಣು, ಮೊಟ್ಟೆ, ಔಷಧಿ, ಬಸ್ಸು, ಮೊಬೈಲು, ಶಾಲೆ ಇವೆಲ್ಲ ಬುಟ್ಟಿಯೊಳಗೆ ಬಂದು ಕೂತಿವೆ.

ಹಳಸಿದ ಬುಟ್ಟಿ

ಜನರ ಬದುಕು ಬದಲಾಗುತ್ತದೆ. ಸೂಚ್ಯಂಕದ ಬುಟ್ಟಿ ಮಾತ್ರ ಮುಂದಿನ ಸಮೀಕ್ಷೆಯ ತನಕ ಹಾಗೆಯೇ ಇರುತ್ತದೆ. ಇದರಿಂದ ಬರುವ ತೊಂದರೆಯನ್ನು ಮುಂಬಯಿ ಬಹಳ ಹಿಂದೆಯೇ ಕಂಡಿತು. 1960ರ ದಶಕದ ಆರಂಭದಲ್ಲಿ ಅಲ್ಲಿಯ ಗಿರಣಿ ಕಾರ್ಮಿಕರ ತುಟ್ಟಿಭತ್ಯೆ ನಿಂತಿದ್ದುದು 1933-34ನ್ನು ಮೂಲವಾಗಿ ಉಳ್ಳ ಸೂಚ್ಯಂಕದ ಮೇಲೆ. ಮೂವತ್ತು ವರ್ಷ ಹಳೆಯ ಬುಟ್ಟಿ! ಪೇಟೆಯಲ್ಲಿ ಬೆಲೆ ಏರುತ್ತಿದೆ, ಸೂಚ್ಯಂಕ ಏರುತ್ತಿಲ್ಲ ಎಂದು ಕಾರ್ಮಿಕರು ಪ್ರತಿಭಟಿಸಿದರು. 1963ರಲ್ಲಿ ಮಹಾರಾಷ್ಟ್ರ ಸರ್ಕಾರ ಅರ್ಥಶಾಸ್ತ್ರಜ್ಞ ಡಿ.ಟಿ. ಲಕ್ಡಾವಾಲಾ ಅವರ ಅಧ್ಯಕ್ಷತೆಯಲ್ಲಿ ಪರಿಣತರ ಸಮಿತಿ ನೇಮಿಸಬೇಕಾಯಿತು. ಕಾರ್ಮಿಕರ ದೂರಿನಲ್ಲಿ ಹುರುಳಿದೆ, ಸೂಚ್ಯಂಕ ತಿದ್ದುಪಡಿಯಾಗಬೇಕು ಎಂದು ಸಮಿತಿ ಹೇಳಿತು. ಅಂಕಿಅಂಶದ ಪುಸ್ತಕದೊಳಗಿನ ಒಂದು ಗುಣಾಕಾರ ಬೀದಿಗೆ ಬಂದು ತೀರ್ಮಾನವಾದ ಪ್ರಸಂಗವಿದು.

ರಾಷ್ಟ್ರಮಟ್ಟದಲ್ಲಿ ಕೈಗಾರಿಕಾ ಕಾರ್ಮಿಕರ ಸೂಚ್ಯಂಕದ ಮೂಲವರ್ಷ 1960, 1982, 2001, 2016 ಎಂದು ಬದಲಾಗುತ್ತ ಬಂದಿದೆ. 1960ರ ಸರಣಿಗೆ 50 ಕೇಂದ್ರಗಳಿಂದ ಬೆಲೆ ಸಂಗ್ರಹಿಸುತ್ತಿದ್ದರು. ನಮ್ಮ ರಾಜ್ಯದಿಂದ ಬೆಂಗಳೂರು, ಕೋಲಾರ ಚಿನ್ನದ ಗಣಿ, ಚಿಕ್ಕಮಗಳೂರು ಮತ್ತು ಕೊಡಗಿನ ಅಮ್ಮತ್ತಿ ಅದರಲ್ಲಿದ್ದವು. ಗಣಿ ಮತ್ತು ಕಾಫಿ ತೋಟಗಳೇ ಅಂದಿನ ಸಂಘಟಿತ ದುಡಿಮೆಯ ನೆಲೆಗಳಾಗಿದ್ದವು. 1982ರ ಸರಣಿಯಲ್ಲಿ ಬೆಳಗಾವಿ, ಹುಬ್ಬಳ್ಳಿ–ಧಾರವಾಡ, ಮಡಿಕೇರಿ ಬಂದವು. 2001ರಲ್ಲಿ ಮೈಸೂರು ಸೇರಿತು; ಕೋಲಾರದ ಗಣಿ ಮುಚ್ಚಿದ್ದು ಅದೇ ವರ್ಷ. ರಾಜ್ಯದ ಕೈಗಾರಿಕೆಯ ಇತಿಹಾಸವನ್ನು ಈ ಪಟ್ಟಿಯಲ್ಲಿಯೇ ಓದಬಹುದು.

ಹಳೆಯ ಸರಣಿಯನ್ನು ಹೊಸದಕ್ಕೆ ಜೋಡಿಸಲು ಸರ್ಕಾರ ಒಂದು ಗುಣಕವನ್ನು ಪ್ರಕಟಿಸುತ್ತದೆ. 1960ರಿಂದ 1982ಕ್ಕೆ 4.93, ಅಲ್ಲಿಂದ 2001ಕ್ಕೆ 4.63, ಅಲ್ಲಿಂದ 2016ಕ್ಕೆ 2.88. ಮೂರನ್ನೂ ಗುಣಿಸಿದರೆ ಸುಮಾರು 65.7 ಬರುತ್ತದೆ. 1960ರಲ್ಲಿ ನೂರು ರೂಪಾಯಿಗೆ ನಡೆಯುತ್ತಿದ್ದ ಸಂಸಾರಕ್ಕೆ 2016ರಲ್ಲಿ ಸುಮಾರು 6,570 ರೂಪಾಯಿ ಬೇಕಾಯಿತು ಎಂದರ್ಥ. ‘ನಮ್ಮ ಕಾಲದಲ್ಲಿ ನೂರು ರೂಪಾಯಿ ಸಂಬಳ ಸಾಕಾಗುತ್ತಿತ್ತು’ ಎಂದು ಹಿರಿಯರು ಹೇಳುವುದು ಬರಿಯ ಹಳಹಳಿಕೆಯಲ್ಲ.

ಸಗಟು ಪೇಟೆ, ಚಿಲ್ಲರೆ ಅಂಗಡಿ

ಬಹಳ ಕಾಲ ಪತ್ರಿಕೆಗಳಲ್ಲಿ ‘ಹಣದುಬ್ಬರ’ ಎಂದು ವಾರವಾರ ಬರುತ್ತಿದ್ದುದು ಈ ಸೂಚ್ಯಂಕವಲ್ಲ, ಸಗಟು ಬೆಲೆಗಳ ಸೂಚ್ಯಂಕ. ಅದೂ ಯುದ್ಧದ ಕೂಸೇ. 1939ರ ಆಗಸ್ಟ್ 19ಕ್ಕೆ ಮುಗಿದ ವಾರವನ್ನು ಮೂಲವಾಗಿಟ್ಟುಕೊಂಡು 1942ರ ಜನವರಿಯಿಂದ 23 ಸರಕುಗಳ ಬೆಲೆಯಿಂದ ಅದನ್ನು ಲೆಕ್ಕ ಹಾಕತೊಡಗಿದರು. ಕಬ್ಬಿಣ, ರಾಸಾಯನಿಕ, ಯಂತ್ರ, ತೈಲ ಮುಂತಾದವುಗಳ ಸಗಟು ಬೆಲೆ ಅದರಲ್ಲಿದೆ. ಮನೆ ಬಾಡಿಗೆ, ವೈದ್ಯರ ಶುಲ್ಕ, ಶಾಲೆಯ ಶುಲ್ಕ ಅದರಲ್ಲಿಲ್ಲ.

ಈ ಎರಡರ ನಡುವಿನ ಅಂತರ 2009ರಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಆ ವರ್ಷದ ಜೂನ್‌ನಲ್ಲಿ ಸಗಟು ಹಣದುಬ್ಬರ ಸೊನ್ನೆಗಿಂತ ಕೆಳಗಿಳಿಯಿತು. ಹಿಂದಿನ ವರ್ಷ ಆಕಾಶಕ್ಕೇರಿದ್ದ ಕಚ್ಚಾತೈಲ ಮತ್ತು ಲೋಹಗಳ ಬೆಲೆ ಕುಸಿದದ್ದು ಕಾರಣ. ಅದೇ ತಿಂಗಳು ಕೈಗಾರಿಕಾ ಕಾರ್ಮಿಕರ ಚಿಲ್ಲರೆ ಸೂಚ್ಯಂಕ ಶೇ 9ಕ್ಕಿಂತ ಹೆಚ್ಚು ಏರಿತ್ತು. ಒಂದು ಲೆಕ್ಕದಲ್ಲಿ ಬೆಲೆ ಇಳಿದಿತ್ತು; ಇನ್ನೊಂದರಲ್ಲಿ ಜನರ ಬೇಳೆ, ಸಕ್ಕರೆ ತುಟ್ಟಿಯಾಗಿದ್ದವು.

2011ರಿಂದ ಹಳ್ಳಿ, ಪಟ್ಟಣ ಎರಡನ್ನೂ ಒಳಗೊಂಡ ಹೊಸ ಗ್ರಾಹಕ ಬೆಲೆ ಸೂಚ್ಯಂಕ ಬರತೊಡಗಿತು. 2016ರಲ್ಲಿ ಕಾನೂನು ತಿದ್ದುಪಡಿಯಾಗಿ, ಈ ಸೂಚ್ಯಂಕದ ಏರಿಕೆಯನ್ನು ಶೇ 4ರ ಆಸುಪಾಸಿನಲ್ಲಿ, 2ಕ್ಕಿಂತ ಕೆಳಗೂ 6ಕ್ಕಿಂತ ಮೇಲೂ ಹೋಗದಂತೆ ಕಾಯುವ ಹೊಣೆ ರಿಸರ್ವ್ ಬ್ಯಾಂಕಿಗೆ ಬಂತು. ಅಲ್ಲಿಂದ ಮುಂದೆ ತರಕಾರಿ ಮಾರುಕಟ್ಟೆಗೂ ನಮ್ಮ ಗೃಹಸಾಲದ ಕಂತಿಗೂ ನೇರ ಸಂಬಂಧ ಏರ್ಪಟ್ಟಿತು. ಹಣದುಬ್ಬರ ಮಿತಿ ಮೀರಿದಾಗ ಬ್ಯಾಂಕು ರೆಪೊ ದರ ಏರಿಸುತ್ತದೆ. 2022ರ ಮೇ ತಿಂಗಳಿಗೆ ಮುಂಚೆ ಶೇ 4 ಇದ್ದ ದರ 2023ರ ಫೆಬ್ರುವರಿಗೆ ಶೇ 6.5 ಆಯಿತು. ಇಪ್ಪತ್ತು ವರ್ಷದ ಅವಧಿಗೆ 20 ಲಕ್ಷ ರೂಪಾಯಿ ಸಾಲ ಮಾಡಿದವನ ಬಡ್ಡಿ ಶೇ 7ರಿಂದ 9.5ಕ್ಕೆ ಏರಿದರೆ ತಿಂಗಳ ಕಂತು ಸುಮಾರು 15,500ರಿಂದ 18,600 ರೂಪಾಯಿಗೆ ಹೋಗುತ್ತದೆ. ಮನೆಯವರ ಕೈಯಿಂದ ತಿಂಗಳಿಗೆ ಮೂರು ಸಾವಿರ ರೂಪಾಯಿ ಹೋಗುತ್ತದೆ. ಆದರೆ ಗೃಹಸಾಲದ ಬಡ್ಡಿ ಸೂಚ್ಯಂಕದ ಬುಟ್ಟಿಯಲ್ಲಿ ಇಲ್ಲ! ರಿಸರ್ವ್ ಬ್ಯಾಂಕಿನ ಲೆಕ್ಕದಂತೆ 2022-23ರಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ರಾಷ್ಟ್ರೀಯ ಉತ್ಪನ್ನದ ಸುಮಾರು ಶೇ 5ಕ್ಕೆ ಇಳಿದಿತ್ತು. ಉಳಿತಾಯ ಕುಗ್ಗಿ ಸಾಲ ಹಿಗ್ಗಿದ ಸಂಗತಿ ತಿಳಿಯಬೇಕಾದರೆ ಬೆಲೆಯ ಅಂಕಿಯೊಂದೇ ಸಾಲದು.

ಇಳಿಕೆ ಎಂದರೇನು?

‘ಹಣದುಬ್ಬರ ಇಳಿಯಿತು’ ಎಂಬ ಮಾತಿನಿಂದ ಆಗುವಷ್ಟು ಗೊಂದಲ ಬೇರೆ ಯಾವುದರಿಂದಲೂ ಆಗುವುದಿಲ್ಲ. ಕಿಲೋಗೆ 50 ರೂಪಾಯಿ ಇದ್ದ ಅಕ್ಕಿ ಒಂದು ವರ್ಷದಲ್ಲಿ 56 ಆದರೆ ಏರಿಕೆ ಶೇ 12. ಮರುವರ್ಷ 57 ಆದರೆ ಏರಿಕೆ ಶೇ 2ಕ್ಕೂ ಕಡಿಮೆ. ಪತ್ರಿಕೆಯಲ್ಲಿ ಹಣದುಬ್ಬರ ಇಳಿದಿದೆ. ಅಂಗಡಿಯಲ್ಲಿ ಅಕ್ಕಿ ಇನ್ನೊಂದು ರೂಪಾಯಿ ಏರಿದೆ. ಇಳಿದದ್ದು ಏರಿಕೆಯ ವೇಗ ಮಾತ್ರ. ಹಳೆಯ 50 ರೂಪಾಯಿ ಮತ್ತೆ ಬರುವುದಿಲ್ಲ.

2023ರ ಜುಲೈಯಲ್ಲಿ ಟೊಮೆಟೊ ಬೆಲೆ ಹಿಂದಿನ ವರ್ಷದ ಮೂರರಷ್ಟಾಯಿತು. 2012ರ ಸರಣಿಯಲ್ಲಿ ಟೊಮೆಟೊದ ತೂಕ ನೂರಕ್ಕೆ ಕೇವಲ 0.57. ಆದರೂ ಆ ತಿಂಗಳ ಶೇ 7.44ರ ಹಣದುಬ್ಬರದಲ್ಲಿ ಒಂದು ಅಂಶಕ್ಕೂ ಹೆಚ್ಚನ್ನು ಅದೊಂದೇ ಕೊಟ್ಟಿತ್ತು. ಮರುವರ್ಷದ ಜುಲೈಯಲ್ಲಿ ಹಣದುಬ್ಬರ ಶೇ 3.5ರ ಆಸುಪಾಸಿಗೆ ಬಂತು. ಹಿಂದಿನ ಜುಲೈಯ ಬೆಲೆ ಅಷ್ಟು ಎತ್ತರದಲ್ಲಿದ್ದುದರಿಂದ ಹೊಸ ಏರಿಕೆ ಚಿಕ್ಕದಾಗಿ ಕಂಡಿತು. ಹೋಲಿಸುವುದು ಯಾವ ತಿಂಗಳಿಗೆ ಎಂದು ಕೇಳದೆ ಶೇಕಡಾವಾರು ಅಂಕಿಯನ್ನು ನಂಬಬಾರದು.

ಅಂಕಿಯ ಮೇಲೆ ನಿಂತ ಕೂಲಿ

ಪೇಟೆಗೆ ಹೋಗುವವನಿಗೆ ಇದೊಂದು ತಿಳಿವಳಿಕೆಯ ವಿಷಯ. ಆದರೆ ಕೂಲಿಯೇ ಸೂಚ್ಯಂಕದ ಮೇಲೆ ನಿಂತವರಿಗೆ ಇದು ಬದುಕಿನ ವಿಷಯ. ಕೃಷಿ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಕಥೆಯನ್ನೇ ನೋಡಿ. ಮಹಾತ್ಮ ಗಾಂಧಿ ಉದ್ಯೋಗ ಖಾತರಿ ಯೋಜನೆಯ ಕೂಲಿಯನ್ನು ವರ್ಷ ವರ್ಷ ಏರಿಸಲು ಬಳಸುತ್ತ ಬಂದದ್ದು ಇದನ್ನೇ. ಅದರ ಮೂಲವರ್ಷ 1986-87. ಅದರ ತೂಕಗಳು 1983ರ ಸಮೀಕ್ಷೆಯವು. ಆಹಾರಕ್ಕೆ ಅದರಲ್ಲಿ ಶೇ 69ರಷ್ಟು ತೂಕ. ಹಳ್ಳಿಯ ಕೂಲಿಕಾರನ ಮನೆಯಲ್ಲಿ ಔಷಧಿ, ಶಾಲೆ, ಬಸ್ಸು, ಮೊಬೈಲಿನ ಖರ್ಚು ಏರುತ್ತ ಹೋದರೂ ಸೂಚ್ಯಂಕದ ಬುಟ್ಟಿಯಲ್ಲಿ ಅವುಗಳಿಗೆ ಜಾಗ ಸಣ್ಣದು. ಆಹಾರದ ಬೆಲೆ ತಣ್ಣಗಿದ್ದ ವರ್ಷಗಳಲ್ಲಿ ಕೂಲಿಯ ಏರಿಕೆ ಕೆಲವು ರೂಪಾಯಿಗಳಿಗೆ ನಿಲ್ಲುತ್ತಿತ್ತು. 2019ನ್ನು ಮೂಲವಾಗಿ ಉಳ್ಳ ಹೊಸ ಸರಣಿ ಬಂದದ್ದು 2025ರಲ್ಲಿ. ಮುಂಬಯಿಯ ಕಾರ್ಮಿಕರು ಮೂವತ್ತು ವರ್ಷದ ಹಳೆಯ ಬುಟ್ಟಿಯ ವಿರುದ್ಧ ಬೀದಿಗಿಳಿದಿದ್ದರು. ಹಳ್ಳಿಯ ಕೂಲಿಕಾರರು ನಲವತ್ತು ವರ್ಷದ ಬುಟ್ಟಿಯನ್ನು ಸದ್ದಿಲ್ಲದೆ ಹೊತ್ತರು.

ಕರ್ನಾಟಕದ ಸಿದ್ಧ ಉಡುಪು ಕಾರ್ಖಾನೆಗಳ ಪ್ರಸಂಗ ಇನ್ನೊಂದು ಬಗೆಯದು. ಅಲ್ಲಿ ದುಡಿಯುವ ಲಕ್ಷಾಂತರ ಜನರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ರಾಜ್ಯದ ಕನಿಷ್ಠ ವೇತನದಲ್ಲಿ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏಪ್ರಿಲ್‌ನಲ್ಲಿ ಏರುವ ತುಟ್ಟಿಭತ್ಯೆ ಸೇರಿದೆ. 2020ರ ಏಪ್ರಿಲ್‌ನಿಂದ ತಿಂಗಳಿಗೆ ಸುಮಾರು 417 ರೂಪಾಯಿ ಏರಬೇಕಿತ್ತು. ಕೋವಿಡ್ ಕಾರಣ ಹೇಳಿ ಸರ್ಕಾರ ಅದನ್ನು ಮುಂದೂಡಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿದರೂ ಅನೇಕ ಕಾರ್ಖಾನೆಗಳಲ್ಲಿ ಹಣ ಕೈಗೆ ಬರಲು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದೇ ಕಾಲದಲ್ಲಿ ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆಯ ಮೂರು ಕಂತುಗಳನ್ನೂ ತಡೆಹಿಡಿಯಲಾಗಿತ್ತು. 2021ರ ಜುಲೈಯಲ್ಲಿ ಭತ್ಯೆ ಶೇ 17ರಿಂದ 28ಕ್ಕೆ ಏರಿತು. ಹಿಂದಿನ ಬಾಕಿ ಮಾತ್ರ ಸಿಗಲಿಲ್ಲ. ಬೆಲೆ ಯಾರಿಗೂ ಕಾಯುವುದಿಲ್ಲ. ಅದಕ್ಕೆ ತಕ್ಕ ಪರಿಹಾರವನ್ನು ಮಾತ್ರ ಕಾಯಿಸಬಹುದು.

ಉಳಿದ ಪ್ರಶ್ನೆ

ಹಾಗಾದರೆ ಅಂಕಿಗಳನ್ನು ಓದುವುದು ಹೇಗೆ? ಮೂರು ಪ್ರಶ್ನೆ ಕೇಳಿದರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಇದು ಯಾರ ಬುಟ್ಟಿ? ಯಾವ ವರ್ಷ ಕಟ್ಟಿದ ಬುಟ್ಟಿ? ಯಾವ ಕಾಲದ ಬೆಲೆಗೆ ಹೋಲಿಸಿದ ಏರಿಕೆ? ಮನೆಯ ಲೆಕ್ಕದ ಪುಸ್ತಕ ಇಡುವವರು ತಮ್ಮದೇ ಸೂಚ್ಯಂಕವನ್ನು ಕಟ್ಟಿಕೊಳ್ಳಬಹುದು. ಹೋದ ವರ್ಷ ಇದೇ ತಿಂಗಳು ಯಾವ ಬಾಬತ್ತಿಗೆ ಎಷ್ಟು ಕೊಟ್ಟಿದ್ದೆವು, ಅದೇ ವಸ್ತುಗಳಿಗೆ ಈಗ ಎಷ್ಟು ಎಂದು ಕೂಡಿಸಿ ನೋಡಿದರೆ ಸಾಕು.

ಆದರೆ ಈ ಮೂರೂ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೂ ನವರೋಜಿಯವರ ಎರಡನೆಯ ಪ್ರಶ್ನೆ ಉಳಿದೇ ಇರುತ್ತದೆ: ಬೇಕಾದುದು ಎಷ್ಟು? ಸ್ವತಂತ್ರ ಭಾರತ ಇದಕ್ಕೆ ಒಮ್ಮೆ ಉತ್ತರ ಕೊಡಲು ಹೊರಟಿತ್ತು. 1957ರ ಭಾರತೀಯ ಕಾರ್ಮಿಕ ಸಮ್ಮೇಳನದ 15ನೆಯ ಅಧಿವೇಶನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂಡಿ ಕನಿಷ್ಠ ವೇತನಕ್ಕೆ ಒಂದು ಅಳತೆ ಒಪ್ಪಿಕೊಂಡರು. ಕುಟುಂಬಕ್ಕೆ ಮೂರು ಘಟಕ, ಒಬ್ಬ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪ ಇತ್ಯಾದಿಗೆ ಶೇ 20. ಮಕ್ಕಳ ಓದು, ಔಷಧೋಪಚಾರ, ಮುಪ್ಪಿನ ಕಾಲ ಮುಂತಾದವುಗಳಿಗೆ ಇನ್ನೂ ಶೇ 25 ಸೇರಿಸಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜನ ಏನು ಕೊಳ್ಳುತ್ತಿದ್ದಾರೆಂದು ನೋಡಿ ಮಾಡಿದ ಪಟ್ಟಿ ಇದಲ್ಲ. ಮನುಷ್ಯನಿಗೆ ಏನು ಬೇಕೆಂದು ಯೋಚಿಸಿ ಮಾಡಿದ ಪಟ್ಟಿ.

ಸೂಚ್ಯಂಕ ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡುತ್ತದೆ. ಬುಟ್ಟಿ ಎಷ್ಟು ತುಟ್ಟಿಯಾಯಿತು ಎಂದು ಅದು ಹೇಳಬಲ್ಲದು. ಬುಟ್ಟಿ ತುಂಬಿತ್ತೋ ಅರ್ಧ ಖಾಲಿಯಿತ್ತೋ ಎಂಬುದನ್ನು ಅದರಿಂದ ತಿಳಿಯಲಾಗದು. ತಿಂಗಳ ಅಂಕಿ ಶೇ 4ರ ಗೆರೆಯೊಳಗೆ ಇದ್ದರೆ ಸರ್ಕಾರವೂ ಬ್ಯಾಂಕೂ ಸಮಾಧಾನ ಪಡುವುದು ಸಹಜ. 1923ರ ಮುಂಬಯಿ ವರದಿಯನ್ನು ನೆನೆದವರು ಮಾತ್ರ ಇನ್ನೊಂದು ಪ್ರಶ್ನೆ ಕೇಳದೆ ಇರಲಾರರು: ಈ ಅಂಕಿಯ ಮೇಲೆ ಕೂಲಿ ಪಡೆಯುವವನ ತಟ್ಟೆಯಲ್ಲಿ ಈಗ ಎಷ್ಟಿದೆ?